ಗಾಜಿನ ಎಳೆಯ ತುದಿಯಲ್ಲಿ

ಹೊರಡುವ ಮೊದಲು

ನಮ್ಮೂರಿನಲ್ಲಿ ಈ ಕಥೆಯನ್ನು ಹೇಳುವ ಕ್ರಮ ಒಂದೇ. ಅನಂತ ಔರಂಗಾಬಾದಿನ ಕಾಲೇಜಿನಲ್ಲಿ ಗಾಜಿನ ಕೆಲಸ ಮಾಡುತ್ತಿದ್ದ, ಕೈ ಬಂಗಾರದಂಥದು, ಹೆಂಡತಿ ಬೇಕೆಂದೇ ಉರಿ ಹೆಚ್ಚಿಸಿ ಆ ಕೈಯನ್ನೇ ಸುಟ್ಟಳು. ಇಷ್ಟು ಹೇಳಿ ಒಂದು ನಿಟ್ಟುಸಿರು. ನಿಟ್ಟುಸಿರಿನ ನಂತರ ಪ್ರಶ್ನೆ ಕೇಳುವ ರೂಢಿ ನಮ್ಮಲ್ಲಿಲ್ಲ.

ನಾನು ಕೇಳಿದೆ. ಅನಂತ ನನ್ನ ಅಣ್ಣ ಎಂಬ ಕಾರಣಕ್ಕಲ್ಲ, ಕಥೆ ನಿಲ್ಲುವುದಿಲ್ಲ ಎಂಬ ಕಾರಣಕ್ಕೆ. ಬೇಕೆಂದೇ ಸುಟ್ಟಳು ಅಂದರೆ ಯಾಕೆ? ದೊಡ್ಡಮ್ಮ ಹೇಳಿದರು, ಹೊಟ್ಟೆಕಿಚ್ಚು. ಗಂಡ ಅವಳ ಮುಖಕ್ಕಿಂತ ಗಾಜನ್ನು ಹೆಚ್ಚು ನೋಡುತ್ತಿದ್ದನಂತೆ. ಜಾತಕ ನೋಡುವ ಭಟ್ಟರು ಹೇಳಿದರು, ಗ್ರಹಚಾರ. ಆ ಹುಡುಗಿಯ ಕಾಲ್ಗುಣವೇ ಹಾಗೆ. ನಾನು ಕೇಳಿದೆ: ಹೊಟ್ಟೆಕಿಚ್ಚಾದರೆ ಉದ್ದೇಶ ಬೇಕು, ಗ್ರಹಚಾರವಾದರೆ ಉದ್ದೇಶವೇ ಬೇಡ. ಎರಡನ್ನೂ ಒಬ್ಬಳ ತಲೆಗೇ ಕಟ್ಟುವುದು ಹೇಗೆ? ಕಾನೂನು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಾದರೆ ಇಷ್ಟಕ್ಕೇ ಗಂಟೆ ಬಾರಿಸಿ ನನ್ನನ್ನು ಗೆಲ್ಲಿಸುತ್ತಿದ್ದರು. ಮನೆಯಲ್ಲಿ ಅಮ್ಮ, "ನಿನ್ನ ಬಾಯಿ ಒಂದು ಮುಚ್ಚು ಮಾರಾಯ್ತಿ" ಅಂದಳು.

ಅವರ ಹತ್ತಿರ ಗಟ್ಟಿಯಾದ ಸಾಕ್ಷಿ ಒಂದೇ ಇತ್ತು. ನಾಸಿಕ್ ಕಡೆ ಹೋಟೆಲಿನಲ್ಲಿರುವ ನಮ್ಮ ನೆಂಟರೊಬ್ಬರು ಉಪನಯನಕ್ಕೆ ಬಂದವರು ಹೇಳಿ ಹೋಗಿದ್ದರು: "ಅವಳೇ ಒಪ್ಪಿಕೊಂಡಿದ್ದಾಳಂತೆ."

‘ಅಂತೆ’ ಸಾಕ್ಷಿಯಲ್ಲ ಎಂದೆ. ಅಪ್ಪ ಆ ಮಾತಿಗೆ ಉತ್ತರ ಕೊಡದೆ ತೀರ್ಪನ್ನೇ ಕೊಟ್ಟರು. ಹುಡುಗ ಊರಿಗೆ ಬರಲಿ. ಹುಡುಗಿ ಹೇಗೂ ನಾಸಿಕದ ತವರಿನಲ್ಲಿದ್ದಾಳೆ, ಅಲ್ಲೇ ಇರಲಿ. ಅಪ್ಪನಿಗೆ ಮಂಡಿನೋವು, ಅಷ್ಟು ದೂರ ಹೋಗಲಾರರು. ಹಾಗಾಗಿ ಕರೆತರಲು ಹೋಗಬೇಕಾದವಳು ನಾನು.

"ಹೆಣ್ಣುಮಗಳು ಒಬ್ಬಳೇ ಘಟ್ಟ ಹತ್ತಿ ಹೋಗುವುದಾ?" ಅಂದಳು ಅಮ್ಮ.

"ಅವಳು ಮಾತಾಡ್ಲಿಕ್ಕೆ ಶುರು ಮಾಡಿದ್ರೆ ಕಳ್ಳನೇ ಇಳಿದು ಹೋಗ್ತಾನೆ" ಅಂದರು ಅಪ್ಪ.

ನಾನು ಹೊರಟದ್ದು ಅಪ್ಪನ ತೀರ್ಪನ್ನು ಹೊತ್ತುಕೊಂಡಲ್ಲ. ಉಪಕರಣ ಕೆಟ್ಟಿತ್ತು, ಉರಿ ತಾನಾಗಿ ಎದ್ದಿತು, ಅತ್ತಿಗೆಯ ತಪ್ಪಿಲ್ಲ. ಇದನ್ನು ಸಾಧಿಸಿ ಇಬ್ಬರನ್ನೂ ಕರೆದುಕೊಂಡು ಬಂದು ಊರಿನ ಬಾಯಿ ಮುಚ್ಚಿಸುವುದು ನನ್ನ ಲೆಕ್ಕ. ಮದುವೆಯಾಗಿ ಎರಡು ವರ್ಷದಲ್ಲಿ ಅತ್ತಿಗೆಯನ್ನು ನಾನು ನೋಡಿದ್ದು ಮದುವೆಯ ದಿನ ಮಾತ್ರ. ಪರಿಚಯ ಕಡಿಮೆಯಿದ್ದಷ್ಟೂ ವಾದ ಸುಲಭ.

ಇದನ್ನು ಪರದೇಶ ಪ್ರವಾಸವೆಂದು ಕರೆದರೆ ಓದುವವರು ನಗಬಹುದು. ಪಾಸ್‌ಪೋರ್ಟು ಬೇಕಾಗಲಿಲ್ಲ, ನಿಜ. ಆದರೆ ನಮ್ಮ ಕರಾವಳಿಯಲ್ಲಿ ಹಡಗು ಹತ್ತಿ ದುಬಾಯಿಗೆ ಹೋದವನು ಮರುವರ್ಷ ಬಂದು ಅದೇ ಜಗಲಿಯಲ್ಲಿ ಕೂರುತ್ತಾನೆ. ಹೋಟೆಲಿಗೆಂದು ಘಟ್ಟ ಹತ್ತಿದವನ ಮಕ್ಕಳು ಮಾತ್ರ ಬೇರೆ ಭಾಷೆಯಲ್ಲಿ ಅಳುತ್ತವೆ. ಪರದೇಶ ಯಾವುದು ಎಂದು ಇದರಿಂದಲೇ ತೀರ್ಮಾನಿಸಬೇಕು.

ಇಗತಪುರಿ

ಬೊಂಬಾಯಿಯವರೆಗೆ ಬಸ್ಸು, ಅಲ್ಲಿಂದ ರೈಲು. ತುರ್ತುಪರಿಸ್ಥಿತಿ ಮುಗಿದು ರೈಲುಗಳು ಮತ್ತೆ ತಮ್ಮಿಷ್ಟದಂತೆ ಓಡತೊಡಗಿದ್ದ ಕಾಲ. ನಮ್ಮ ಗಾಡಿ ಕಸಾರಾದಲ್ಲಿ ನಿಂತು, ಹಿಂದಿನಿಂದ ತಳ್ಳಲು ಇನ್ನೊಂದು ಎಂಜಿನ್ ಸೇರಿಸಿಕೊಂಡು, ಸುರಂಗ ಸುರಂಗ ದಾಟಿ ಘಟ್ಟ ಹತ್ತಿತು. ಇಗತಪುರಿಯಲ್ಲಿ ತಳ್ಳಿದ ಎಂಜಿನ್ನನ್ನು ಬಿಚ್ಚಿ ಕಳಿಸಿಬಿಟ್ಟರು. ಕೆಲಸವಾದ ಮೇಲೆ ಉಪಕಾರಿಯನ್ನು ಬಿಡುವ ರೀತಿ ಎಲ್ಲ ಕಡೆಯೂ ಒಂದೇ.

ಮಳೆ ನಮ್ಮದೇ ಮಳೆ. ಅಷ್ಟೇ ದಪ್ಪ, ಅಷ್ಟೇ ಹಠ. ಆದರೆ ನಮ್ಮಲ್ಲಿ ಮಳೆ ಬಂದರೆ ಜನ ಒಳಗೆ ಸೇರುತ್ತಾರೆ, ಇಲ್ಲಿನವರು ಕಿಟಕಿಯಿಂದ ಕೈ ಹೊರಗೆ ಚಾಚುತ್ತಾರೆ. ನನ್ನ ಉದ್ದ ಹಿಡಿಯ ಕರಿ ಕೊಡೆಯನ್ನು ಇಡೀ ಡಬ್ಬಿ ಕುತೂಹಲದಿಂದ ನೋಡಿತು. ಒಬ್ಬಾತ ಅದನ್ನು ಕೇಳಿ ಪಡೆದು, ತೆರೆದು, ಒಳಗೆ ಇಣುಕಿ, ಮಡಚಿ, ತಲೆಯಾಡಿಸಿ ವಾಪಸು ಕೊಟ್ಟ.

ಪ್ಲಾಟ್‌ಫಾರ್ಮಿನಲ್ಲಿ ವಡೆ ಮಾರುವವನು ಕಿಟಕಿಯ ಹತ್ತಿರ ಬಂದು, "ಕಾಯ್ ಪಾಹಿಜೆ?" ಅಂದ.

"ಕಾಯಿ ಬೇಡ, ವಡೆ ಸಾಕು" ಅಂದೆ.

ಅವನು ಮತ್ತೆ ಕೇಳಿದ. ನಾನು ಮತ್ತೆ ತೆಂಗಿನಕಾಯಿ ಬೇಡವೆಂದೆ, ಸ್ವಲ್ಪ ಜೋರಾಗಿ. ಗಾಡಿ ಹೊರಟಿತು, ವಡೆ ಅಲ್ಲೇ ಉಳಿಯಿತು. ಎದುರು ಕೂತಿದ್ದ ಹೆಂಗಸು ದೇವಳಾಲಿ ಕ್ಯಾಂಪಿನ ಸಿಪಾಯಿಯೊಬ್ಬನ ಹೆಂಡತಿ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡು, ‘ಕಾಯ್’ ಎಂದರೆ ‘ಏನು’ ಎಂದು ಹಿಂದಿಯಲ್ಲಿ ತಿಳಿಸಿ, ತನ್ನ ಬುತ್ತಿಯ ಚಪಾತಿಯಲ್ಲಿ ಒಂದನ್ನು ನನ್ನ ಕೈಗಿಟ್ಟಳು. ದೇವಳಾಲಿಯಲ್ಲಿ ಇಳಿಯುವಾಗ, "ಯೇತೇ ಹಂ" ಅಂದಳು. ಬರುತ್ತೇನೆ ಅಂತ. ಹೋಗುವವಳು ‘ಹೋಗುತ್ತೇನೆ’ ಅನ್ನಲು ಹೆದರುವುದು ನಮ್ಮವರ ರೋಗ ಮಾತ್ರ ಎಂದುಕೊಂಡಿದ್ದೆ. ಬಾಯಲ್ಲಿ ಬಂದ ಮಾತು ನಿಜವಾಗಿಬಿಡುತ್ತದೆ ಎಂದು ನಂಬುವ ಜನರ ದೇಶ ಎಷ್ಟು ಉದ್ದ ಇದೆಯೋ ಎಂದು ಮನಸ್ಸಿನಲ್ಲೇ ಗೇಲಿ ಮಾಡಿದೆ. ಚಪಾತಿ ಚೆನ್ನಾಗಿತ್ತು.

ನಾಸಿಕ್

ನಾಸಿಕ್ ರೋಡ್ ಎಂಬ ಸ್ಟೇಷನ್ನು ನಾಸಿಕದಲ್ಲಿಲ್ಲ. ಇಳಿದ ಮೇಲೆ ಊರಿಗೆ ಮತ್ತೊಂದು ಬಸ್ಸು ಹಿಡಿಯಬೇಕು. ಐತಾಳ ಮಾವ, ಅಂದರೆ ಅತ್ತಿಗೆಯ ತಂದೆ, ಸ್ಟೇಷನ್ನಿಗೇ ಬಂದಿದ್ದರು. ದಾರಿಯುದ್ದಕ್ಕೂ ದ್ರಾಕ್ಷಿಯ ವಿಷಯ, ಗೋದಾವರಿಯ ನೆರೆಯ ವಿಷಯ, ಓಝರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ಧಾರವಾಡದ ಹುಡುಗರು ಭಾನುವಾರ ಬಂದು, "ಸಾಂಬಾರಿಗೆ ಬೆಲ್ಲ ಯಾಕ್ ಹಾಕೀರಿ" ಎಂದು ಜಗಳವಾಡುವ ವಿಷಯ ಹೇಳಿದರು. ಅಳಿಯನ ವಿಷಯ ಎತ್ತಲಿಲ್ಲ. ಹೋಟೆಲಿನ ಬಾಗಿಲಲ್ಲಿ ಮಾತ್ರ ನನ್ನ ಚೀಲ ಇಳಿಸುತ್ತ, "ನಿಮ್ಮಪ್ಪ ಎಂತ ಹೇಳಿ ಕಳಿಸಿದ್ದಾರೆ ಅಂತ ನನಗೆ ಗೊತ್ತುಂಟು. ಊಟ ಆದ ಮೇಲೆ ಹೇಳು, ಆಯ್ತಾ?" ಅಂದರು.

ಕೆಳಗೆ ಹೋಟೆಲು, ಮೇಲೆ ಮನೆ. ನಂದಿನಿ ಅತ್ತಿಗೆ ಮೆಟ್ಟಿಲ ತುದಿಯಲ್ಲಿ ನಿಂತಿದ್ದಳು.

"ಬಸಾ ನಾ ವನ್ಸಂ, ಕೂತ್ಕೊಳ್ಳಿ. ನನ್ನ ಕನ್ನಡ ಮೋಡಕಂ ತೋಡಕಂ, ಹರಕು ಮುರುಕು, ನಗಬೇಡಿ ಹಾಂ."

ವನ್ಸಂ ಎಂದರೆ ಅಲ್ಲಿ ಗಂಡನ ತಂಗಿ. ನಾನು ಅವಳಿಗಿಂತ ಚಿಕ್ಕವಳು, ಆದರೂ ಬಹುವಚನ. ಅವಳು ಹುಟ್ಟಿದ್ದು, ಬೆಳೆದದ್ದು, ಓದಿದ್ದು ಎಲ್ಲ ಅಲ್ಲೇ. ಚಿಕ್ಕವಳಿರುವಾಗಲೇ ತಾಯಿ ಹೋದರು. ಮಗಳ ಜಡೆ ಹೆಣೆದವರು ಎದುರು ವಾಡೆಯ ಮರಾಠಿ ಹೆಂಗಸರು. ತಂದೆಯ ಕನ್ನಡ ಹೋಟೆಲಿನ ಕೆಲಸದ ಕನ್ನಡ: ಬೇಗ, ಸಾಕು, ತೊಳಿ, ತಾ. ಅಷ್ಟು ಕನ್ನಡ ಇಟ್ಟುಕೊಂಡು ನಮ್ಮ ಮನೆಗೆ ಸೊಸೆಯಾದವಳು.

ಊಟವಾಯಿತು. ಅವಳು ಗೋರಿಕಾಯಿ ಸೋಸುತ್ತ ಕೂತಳು, ನಾನೂ ಕೂತೆ. ಸುತ್ತುಬಳಸು ನನಗೆ ಬರುವುದಿಲ್ಲ.

"ಅತ್ತಿಗೆ, ನೇರ ಕೇಳ್ತೆ. ಆ ದಿನ ಗ್ಯಾಸಿನ ತಿರುಪು ಸಡಿಲ ಆಗಿತ್ತಲ್ವಾ?"

"ನಾಹೀ. ಬರೋಬರ್ ಇತ್ತು."

"ಉರಿ ತಾನಾಗಿ ಎದ್ದದ್ದಾ?"

"ಉರಿ ತಾನಾಗಿ ಹೇಗೆ ಏಳ್ತದೆ ವನ್ಸಂ? ಮೀಚ್ ಕೇಲಂ. ನಾನೇ ಮಾಡಿದ್ದು."

ನನ್ನ ವಾದದ ಅರ್ಧ ಕಟ್ಟಡ ಅಲ್ಲೇ ಕುಸಿಯಿತು. ಊರಿನವರ ‘ಅಂತೆ’ ನಿಜವಾಗಿತ್ತು. ಅವಳು ಗೋರಿಕಾಯಿಯ ನಾರು ತೆಗೆಯುತ್ತಲೇ ಇದ್ದಳು, ತಲೆ ಎತ್ತಲಿಲ್ಲ.

"ಯಾಕೆ ಮಾಡಿದ್ರಿ?"

"ಅವರು ಹೇಳಿದ್ರು. ದಸರಾ ರಜೆ, ಕಾಲೇಜು ಬಂದ್. ಸಹಾಯಕ್ಕೆ ಇರ್ತಾರಲ್ಲ ಅವರು ಊರಿಗೆ ಹೋಗಿದ್ರು. ರಜೆ ಇದ್ದಾಗ ನಾನೇ ಹೋಗ್ತಿದ್ದೆ, ಡಬ್ಬಾ ತಗೊಂಡು. ಅವರ ಎರಡೂ ಕೈಯಲ್ಲಿ ಆ ಗಾಜಿನ ದಾರ. ಕಣ್ಣು ಭಿಂಗದಲ್ಲಿ, ದೊಡ್ಡದು ಕಾಣ್ತದಲ್ಲ ಅದರಲ್ಲಿ. ನನ್ನ ಕೈ ತಿರುಪಿನ ಮೇಲೆ. ಯಾವಾಗಲೂ ‘ಬಂದ್ ಕರ್’ ಅಂತಿದ್ರು, ನಾನು ಬಂದ್ ಮಾಡ್ತಿದ್ದೆ. ಆ ದಿವಸ ‘ದೊಡ್ಡದು ಮಾಡು, ದೊಡ್ಡದು ಮಾಡು’ ಅಂದ್ರು. ಎರಡು ಸಲ. ನಾನು ದೊಡ್ಡದು ಮಾಡಿದೆ."

ನಾನೂ ಒಂದು ಗೋರಿಕಾಯಿ ಎತ್ತಿಕೊಂಡು ನಾರು ತೆಗೆಯತೊಡಗಿದೆ. ಅಮ್ಮ ನೋಡಿದ್ದರೆ ಆಶ್ಚರ್ಯಪಡುತ್ತಿದ್ದಳು.

ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆ ಸೀಮೆಯವರಿಗಾಗಿ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ದೀಪ ‘ಆರಿಸು’ ಅನ್ನಬಾರದು, ‘ನಂದಿಸು’ ಅನ್ನಬಾರದು. ಅಂದರೆ ಮನೆಯ ಬೆಳಕೇ ಆರಿಹೋದೀತು ಎಂಬ ಹೆದರಿಕೆ. ಅದಕ್ಕೆ ‘ದೀಪ ದೊಡ್ಡದು ಮಾಡು’ ಅನ್ನುತ್ತೇವೆ. ದೇವರ ದೀಪ, ಲಾಟೀನು, ಸೀಮೆಎಣ್ಣೆಯ ಒಲೆ, ಎಲ್ಲವನ್ನೂ ದೊಡ್ಡದು ಮಾಡಿಯೇ ಮಲಗುವವರು ನಾವು. ಅಮ್ಮನಂತೂ ಬ್ಯಾಟರಿಯನ್ನೂ ದೊಡ್ಡದು ಮಾಡಿಸುತ್ತಿದ್ದಳು. ಈ ಮಾತನ್ನು ಯಾವ ಶಾಲೆಯಲ್ಲೂ ಹೇಳಿಕೊಡುವುದಿಲ್ಲ. ತಾಯಿ ಒಂದು ಸಲ ತಲೆಗೆ ಮೊಟಕಿ ಕಲಿಸುತ್ತಾಳೆ, ಮುಗಿಯಿತು. ಅತ್ತಿಗೆಗೆ ಮೊಟಕುವವರು ಇರಲಿಲ್ಲ.

"ನೀವು ಅವರನ್ನ ಊರಿಗೆ ಕರ್ಕೊಂಡು ಹೋಗ್ತೀರಿ, ನಾ?" ಎಂದಳು ಅವಳು.

"ಅಪ್ಪ ಹಾಗೆ ಹೇಳಿದ್ದಾರೆ."

"ಮತ್ತೆ ನಾನು?"

ಅವಳೇ ಮುಂದುವರಿಸಿದಳು. "ದಿವಾಳಿಗೆ ನಾಲ್ಕು ದಿವಸ ತವರಿಗೆ ಹೋಗಿ ಬಾ ಅಂದ್ರು. ಆಮೇಲೆ ಕರೀಲಿಕ್ಕೆ ಬರಲಿಲ್ಲ. ಸಿಟ್ಟು ಇದ್ರೆ ಬೈಬೇಕಲ್ಲ? ಬೈಲಿಲ್ಲ. ತಪ್ಪು ಹೇಳಿದ್ದು ಅವರು, ಕೈ ಹೋದದ್ದೂ ಅವರದ್ದೇ, ನಾನು ಯಾರ ಮೇಲೆ ಸಿಟ್ಟು ಮಾಡಲಿ? ವನ್ಸಂ, ನೀವು ಲಾಯರು ನಾ? ನನ್ನನ್ನು ಯಾಕೆ ಕಳಿಸಿದ್ರು ಅಂತ ಒಂದು ಸಲ ಕೇಳಿ ಬನ್ನಿ."

ಗಂಗಾಪುರದ ಹತ್ತಿರ

ಔರಂಗಾಬಾದಿಗೆ ಹೊರಟ ಕೆಂಪು ಬಸ್ಸು ಗಂಗಾಪುರದ ಆಸುಪಾಸಿನಲ್ಲಿ ಟಯರು ಬಿಟ್ಟಿತು. ಘಟ್ಟದ ಮಳೆ ಅಲ್ಲಿಗೆ ಬಂದಿರಲಿಲ್ಲ. ಎರಡೂ ಕಡೆ ಸಜ್ಜೆ, ಹತ್ತಿ, ಮಧ್ಯೆ ಬಿಸಿಲು. ನಮ್ಮೂರಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಕಂಡಕ್ಟರನ ಸುತ್ತ ಸಭೆ ಸೇರಿ, ಟಯರಿನಿಂದ ಶುರುವಾದ ಮಾತು ಸರಕಾರದವರೆಗೆ ಹೋಗಿರುತ್ತಿತ್ತು. ಇಲ್ಲಿನವರು ಮಾತಿಲ್ಲದೆ ಇಳಿದು ಬೇವಿನ ಮರದಡಿ ಕೂತು, ಭಾಕರಿಯ ಗಂಟು ಬಿಚ್ಚಿದರು. ಗಂಟು ಇಲ್ಲದವರಿಗೂ ಭಾಕರಿ ಬಂತು. ನನ್ನ ಪಾಲಿಗೆ ಒಬ್ಬ ಅಜ್ಜಿ ಮೆಣಸಿನಕಾಯಿ ಜಜ್ಜಿದ ಠೇಚಾ ಹಚ್ಚಿಕೊಟ್ಟಳು. ಕಣ್ಣಲ್ಲಿ ನೀರು ಬಂತು. ಅವಳು ಅದನ್ನು ತಪ್ಪಾಗಿ ತಿಳಿದು ಬೆನ್ನು ಸವರಿದಳು. ಪೂರ್ತಿ ತಪ್ಪಾಗಿ ಅಂತಲೂ ಹೇಳಲಾರೆ.

ಎಲ್ಲಿಗೆ ಎಂದು ಹಿಂದಿಯಲ್ಲಿ ಕೇಳಿದಳು. ಅಣ್ಣನನ್ನು ಕರೆದುಕೊಂಡು ಹೋಗಲು ಎಂದೆ. "ಅಣ್ಣನನ್ನು ಕರೆಯಲು ತಂಗಿ ಬಂದಳು, ಅತ್ತಿಗೆಯನ್ನು ಕರೆಯಲು ಯಾರು?" ಎಂದು ಕೇಳಿ ಅಜ್ಜಿ ತಾನೇ ನಕ್ಕಳು. ಅವಳಿಗೆ ಏನೂ ಗೊತ್ತಿರಲಿಲ್ಲ, ಬರಿಯ ಲೋಕಾರೂಢಿ. ಆದರೂ ಆ ಮರದಡಿ ನನ್ನ ಹೊಸ ವಾದ ಸಿದ್ಧವಾಯಿತು. ಅತ್ತಿಗೆ ಉರಿ ಹೆಚ್ಚಿಸಿದ್ದು ನಿಜ. ಗಂಡ ಹೇಳಿದ್ದಕ್ಕೇ ಹೆಚ್ಚಿಸಿದ್ದೂ ನಿಜ. ಅಣ್ಣ ಹೇಳಿದ್ದು ಆರಿಸು ಎಂದು, ಅದೂ ನಿಜ. ಹಾಗಾದರೆ ತಪ್ಪು ಯಾರದು? ನಮ್ಮ ಮನೆಯ ಮಾತಿನದು. ಇದನ್ನು ಅಪ್ಪನ ಮುಂದೆ ಬಿಡಿಸಿ ಇಟ್ಟರೆ ಅತ್ತಿಗೆಯನ್ನು ಬಿಡುವ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ. ಇಷ್ಟು ಸರಳ ವಿಷಯವನ್ನು ಅಣ್ಣ ಇಷ್ಟು ತಿಂಗಳು ಯಾರಿಗೂ ಯಾಕೆ ಹೇಳಲಿಲ್ಲ ಎಂಬುದೊಂದೇ ಉಳಿದ ಪ್ರಶ್ನೆ.

ಔರಂಗಾಬಾದ್

ಈ ಊರಿಗೆ ಎಲ್ಲಿ ನೋಡಿದರೂ ದರ್ವಾಜೆ. ಕಲ್ಲಿನ ಭಾರಿ ಬಾಗಿಲುಗಳು ರಸ್ತೆಯ ಮಧ್ಯೆ ನಿಂತಿವೆ, ಆಚೀಚೆಯ ಗೋಡೆ ಎಷ್ಟೋ ಕಡೆ ಬಿದ್ದುಹೋಗಿದೆ. ಜನ ಪಕ್ಕದಲ್ಲಿ ಜಾಗವಿದ್ದರೂ ಬಾಗಿಲ ಒಳಗಿಂದಲೇ ನುಗ್ಗುತ್ತಾರೆ. ಟಾಂಗಾದವನನ್ನು ಯಾಕೆಂದು ಕೇಳಿದೆ. "ಬಾಗಿಲು ಇದೆಯಲ್ಲ" ಅಂದ.

ಅಣ್ಣ ಕಾಲೇಜಿನ ಸಾಮಾನು ಕೋಣೆಯಲ್ಲಿದ್ದ. ಮೊದಲು ಅವನು ಗಾಜು ಊದುವವನಾಗಿ ಸೇರಿದ್ದು: ಪ್ರಯೋಗಶಾಲೆಗೆ ಬೇಕಾದ ನಳಿಕೆ, ಬುರುಡೆ ಮಾಡಿಕೊಡುವ ಕೆಲಸ. ಈಗ ಅವೇ ನಳಿಕೆಗಳನ್ನು ಎಣಿಸಿ ಕಪಾಟಿನಲ್ಲಿಡುವ ಕೆಲಸ. ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿದಂತೆ ಬಾಗಿ ಉಳಿದಿದ್ದವು. ಹೆಬ್ಬೆರಳು ಮಾತ್ರ ಬೇರೆಯಾಗಿ ಅಲ್ಲಾಡುತ್ತಿತ್ತು.

"ಬಂದ್ಲು ಲಾಯರಮ್ಮ. ಕರ್ಕೊಂಡು ಹೋಗ್ಲಿಕ್ಕೆ ಬಂದದ್ದಾ, ವಾದ ಮಾಡ್ಲಿಕ್ಕಾ?"

"ಎರಡೂ."

"ಹಾಗಾದ್ರೆ ಮೊದಲು ಚಾ ಕುಡಿ. ಸೋತವರಿಗೆ ನಾನು ಚಾ ಕೊಡುವುದಿಲ್ಲ."

ಅವನು ಎಡಗೈಯಲ್ಲಿ ಚಾ ಬಗ್ಗಿಸಿದ. ಸ್ವಲ್ಪ ಚೆಲ್ಲಿತು. ಇಬ್ಬರೂ ನೋಡದವರಂತೆ ಇದ್ದೆವು.

ನಾನು ಕೇಳದಿದ್ದರೂ ಅವನು ತನ್ನ ಕೆಲಸ ತೋರಿಸಲು ಕರೆದುಕೊಂಡು ಹೋದ. ಪ್ರಯೋಗಶಾಲೆಯ ಕಿಟಕಿ ಮುಚ್ಚಿ, ಕೆಂಪು ಬೆಳಕಿನ ಯಂತ್ರ ಹಚ್ಚಿ, ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯೊಂದನ್ನು ನನ್ನ ಕೈಗೆ ಕೊಟ್ಟ. ಅಲ್ಲಿನ ಪ್ರೊಫೆಸರು ಹೊರದೇಶದಿಂದ ತಂದ ಎಳೆಗಳಂತೆ. ಒಂದು ತುದಿಯಲ್ಲಿ ಹೊಕ್ಕ ಬೆಳಕು ಎಳೆಯ ಒಳಗೇ ಹರಿದು ಇನ್ನೊಂದು ತುದಿಯಲ್ಲಿ ಹೊರಬರುತ್ತದೆ. ಎಳೆಯನ್ನು ಹೇಗೆ ಬಾಗಿಸಿದರೂ ಬೆಳಕು ದಾರಿ ತಪ್ಪುವುದಿಲ್ಲ.

"ಇದು ಕತ್ತರಿಸಿದ ಹಾಗೆಯೇ ಇರುವ ತುದಿ. ಕಾಗದ ಹಿಡಿ."

ಕಾಗದದ ಮೇಲೆ ಮಂಕಾದ ಕೆಂಪು, ಚೆಲ್ಲಿದ ಕುಂಕುಮದ ನೀರಿನ ಹಾಗೆ.

"ಇದು ಉರಿ ತೋರಿಸಿದ ತುದಿ."

ಈ ಸಲ ಒಂದು ಚುಕ್ಕಿ. ಸಣ್ಣದು, ಚುರುಕು.

"ಉಜ್ಜಿ ಹೀಗೆ ಮಾಡ್ಲಿಕ್ಕೆ ಆಗುದಿಲ್ಲ, ಅಷ್ಟು ಸಣ್ಣದು. ಉರಿಯ ಹತ್ತಿರ ಹಿಡಿದು ತಿರುಗಿಸುತ್ತಾ ಇರುವುದು. ಗಾಜು ಮೆತ್ತಗಾದ ಕೂಡಲೇ ತುದಿ ತಾನೇ ಗುಂಡಗೆ ಸೇರಿಕೊಳ್ತದೆ, ಎಲೆಯ ಮೇಲಿನ ನೀರಿನ ಹಾಗೆ. ಅದೇ ಲೆನ್ಸು. ನಾವು ಮಾಡುವುದು ಎಂತದೂ ಇಲ್ಲ, ಸರಿಯಾದ ಹೊತ್ತಿಗೆ ನಿಲ್ಲಿಸುವುದು ಮಾತ್ರ. ತಡವಾದ್ರೆ ಬೊಟ್ಟು ದಪ್ಪ ಆಗಿ ಜೋತು ಬೀಳ್ತದೆ. ಎಳೆಯನ್ನು ಹಿಂದೆ ಎಳೆದ್ರೂ ಸೊಟ್ಟ ಆಗ್ತದೆ. ಎಳೆ ಅಲ್ಲೇ ಇರಬೇಕು, ಉರಿ ಹೋಗಬೇಕು. ಅದಕ್ಕೇ ಇನ್ನೊಬ್ಬರ ಕೈ ಬೇಕು."

"ಆ ಕೈಗೆ ನೀನು ಹೇಳಿದ್ದು ‘ದೊಡ್ಡದು ಮಾಡು’ ಅಂತ."

ಅವನು ಕೆಂಪು ಬೆಳಕಿನ ಯಂತ್ರದ ಗುಂಡಿ ಒತ್ತಿ ಅದನ್ನು ಆರಿಸಿದ. ಕಿಟಕಿ ತೆಗೆಯಲಿಲ್ಲ.

"ಅವಳು ಹೇಳಿದ್ಲಾ?"

"ನೀನು ಹೇಳಿದ್ದನ್ನೇ ಹೇಳಿದ್ಲು. ಅರ್ಥ ನನಗೆ ಗೊತ್ತಾಯ್ತು. ಅವಳಿಗೆ ಇಲ್ಲ."

ಅಣ್ಣ ಸ್ಟೂಲಿನ ಮೇಲೆ ಕೂತ. ಮೇಜಿನ ಮೇಲೆ ಆ ಕೈಯನ್ನು ಹೊರಗಿನ ವಸ್ತುವಿನಂತೆ ಇಟ್ಟುಕೊಂಡು ಮಾತಾಡಿದ.

"ಎಷ್ಟು ಎಳೆ ಹಾಳು ಮಾಡಿದ್ದೆ ಗೊತ್ತುಂಟಾ ಸುಮಾ? ಸೊಟ್ಟ, ಚಪ್ಪಟೆ, ಜೋತು ಬಿದ್ದದ್ದು. ಪ್ರೊಫೆಸರರ ಹೊಸ ವಿಭಾಗಕ್ಕೆ ನನ್ನನ್ನು ತಗೊಳ್ಳಬೇಕಾದ್ರೆ ಒಂದಾದರೂ ಸರಿ ಬರಬೇಕಿತ್ತು. ಆ ದಿನ ಬಂತು. ಭಿಂಗದಲ್ಲಿ ನೋಡ್ತಾ ಇದ್ದೇನೆ, ಪೂರ್ತಿ ಗುಂಡು, ನಡುವಲ್ಲಿ ನಿಂತ ಗುಂಡು. ಇಷ್ಟು ವರ್ಷ ಮರಾಠಿಯಲ್ಲೇ ಕೆಲಸ ಮಾಡಿದವ ನಾನು. ಖುಷಿ ಆದ ಕೂಡಲೇ ಬಾಯಿಗೆ ಬಂದದ್ದು ಅಮ್ಮನ ಮಾತು. ಅಷ್ಟು ಚಂದದ್ದನ್ನು ನೋಡ್ತಾ ‘ಬಂದ್ ಕರ್’ ಅನ್ಲಿಕ್ಕೆ ನಾಲಿಗೆ ಬರ್ಲಿಲ್ಲ."

ಉಳಿದದ್ದು ಕೆಲವೇ ಮಾತು. ಉರಿ ಎದ್ದಿತು. ಹಬ್ಬವೆಂದು ಹಾಕಿಕೊಂಡಿದ್ದ ಟೆರಿಲಿನ್ ಶರ್ಟಿನ ತೋಳು ಹತ್ತಿಕೊಂಡಿತು. ಹತ್ತಿಯ ಬಟ್ಟೆಯಾದರೆ ಉರಿದು ಬೂದಿಯಾಗುತ್ತದೆ, ಟೆರಿಲಿನ್ ಕರಗುತ್ತದೆ, ಕರಗಿ ಚರ್ಮಕ್ಕೆ ಅಂಟುತ್ತದೆ. "ಎಲ್ಲ ಕರಗುವುದೇ" ಅಂದ ಅಣ್ಣ. ಆ ಗುಂಡು ತುದಿಯೂ ಕರಗಿಹೋಗಿತ್ತು.

"ಇದನ್ನು ಅವಳಿಗೆ ಯಾಕೆ ಹೇಳಲಿಲ್ಲ?"

"ಎಂತ ಅಂತ ಹೇಳುವುದು? ಈಗ ಅವಳ ಲೆಕ್ಕದಲ್ಲಿ ತಪ್ಪು ನನ್ನದು. ಗಂಡ ಹೇಳಿದ, ಮಾಡಿದೆ, ಗಂಡನ ಕೈ ಹೋಯ್ತು. ಪಾಪ ಅಂತ ಅಳ್ತಾಳೆ, ಅತ್ತು ನಿದ್ದೆ ಮಾಡ್ತಾಳೆ. ನಾನು ಆರಿಸು ಅಂದದ್ದು ಅಂತ ಗೊತ್ತಾದ್ರೆ? ನಾನು ಆರಿಸು ಅಂದೆ, ಅವಳು ಹೊತ್ತಿಸಿದಳು. ಆ ಮೇಲೆ ಅವಳು ನಿದ್ದೆ ಮಾಡ್ತಾಳಾ?"

"ತವರಿಗೆ ಯಾಕ್ ಕಳಿಸಿದ್ದು?"

"ಕೈಯ ಪಟ್ಟಿ ಬಿಚ್ಚಿದಾಗೆಲ್ಲ ಕೇಳ್ತಿದ್ಲು. ‘ನೀವು ಯಾಕೆ ದೊಡ್ಡದು ಮಾಡು ಅಂದ್ರಿ?’ ಅಂತ. ದಿನಾ. ಒಂದು ದಿನ ನೋವಿನ ಭರದಲ್ಲಿ ಬಾಯಿಬಿಟ್ಟುಬಿಡ್ತೇನೆ ಅಂತ ಹೆದರಿಕೆ ಆಯ್ತು. ನಾಲ್ಕು ದಿನಕ್ಕೆ ಅಂತ ಕಳಿಸಿದ್ದು. ಆಮೇಲೆ ಕರೀಲಿಕ್ಕೆ ಧೈರ್ಯ ಬರ್ಲಿಲ್ಲ."

ನಾನು ನನ್ನ ವಾದ ಮಂಡಿಸಿದೆ. ಊರಿನಲ್ಲಿ ಅವಳನ್ನು ಕೊಲೆಗಡುಕಿ ಮಾಡಿದ್ದಾರೆ. ನಿಜ ಹೇಳಿದರೆ ಅವಳು ಉಳಿಯುತ್ತಾಳೆ. ಹೇಳದಿದ್ದರೆ ಅಪ್ಪ ಸಂಬಂಧವನ್ನೇ ಮುರಿಯುತ್ತಾರೆ. ಅಣ್ಣ ಪೂರ್ತಿ ಕೇಳಿದ.

"ನಿನ್ನ ವಾದ ಸರಿ ಉಂಟು. ಊರಲ್ಲಿ ಹೇಳಿದ ಮಾತು ನಾಸಿಕಿಗೆ ಬರ್ಲಿಕ್ಕೆ ಎಷ್ಟು ದಿನ ಬೇಕು? ಪ್ರತಿ ಹೋಟೆಲಿನಲ್ಲೂ ನಮ್ಮೂರಿನವ ಒಬ್ಬ ಇದ್ದಾನೆ. ನೀನು ಅವಳನ್ನು ಅಪ್ಪನಿಂದ ಉಳಿಸ್ತಿ, ಅವಳಿಂದಲೇ ಅವಳನ್ನು ಯಾರು ಉಳಿಸುವುದು?" ಎದ್ದು ಕಿಟಕಿ ತೆಗೆಯುತ್ತ ಹೇಳಿದ, "ಒಂದು ಕೆಲಸ ಮಾಡು. ಅನಂತ ಆತುರಪಟ್ಟ, ತಾನೇ ಉರಿ ಹೆಚ್ಚು ಮಾಡಿಸಿಕೊಂಡ ಅಂತ ಊರಲ್ಲಿ ಹೇಳು. ನಾನು ದಡ್ಡ ಅಂತಾಗ್ಲಿ. ಅವಳನ್ನು ಬಂದು ಕರ್ಕೊಂಡು ಹೋಗ್ತೇನೆ ಅಂತ ಅವಳಿಗೆ ಹೇಳು. ಅವಳು ಆ ಪ್ರಶ್ನೆ ಕೇಳುದಿಲ್ಲ ಅಂತಾದ್ರೆ ಬರ್ತೇನೆ."

"ಅದು ಸುಳ್ಳು."

"ಪಕ್ಷ, ಪ್ರತಿಪಕ್ಷ ಎರಡರ ಕಡೆಯಿಂದಲೂ ಮಾತಾಡಿ ಕಪ್ಪು ತಂದವಳಲ್ವಾ ನೀನು? ಈಗ ಎಂತ?"

ಮರುದಿನ ನಾನು ಒಬ್ಬಳೇ ಹೊರಟೆ. ಅವನು ಬಸ್ ಸ್ಟ್ಯಾಂಡಿಗೆ ಬಂದು ಎಡಗೈ ಎತ್ತಿದ. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು.

ಮತ್ತೆ ನಾಸಿಕ್

ಸುಳ್ಳು ಹೇಳುವುದು ಕಷ್ಟವಾಗಲಿಲ್ಲ. ಅದೇ ನನಗೆ ಬೇಸರ. ಸಂಜೆ ಅತ್ತಿಗೆಯ ಹತ್ತಿರ ಹೇಳಿದೆ: ಅಣ್ಣನಿಗೆ ಸಿಟ್ಟಿಲ್ಲ, ತನ್ನ ತಪ್ಪಿನ ನಾಚಿಕೆ ಇದೆ, ಕರೆಯಲು ಬರುತ್ತಾನೆ, ನೀವು ಮಾತ್ರ ಆ ದಿನದ ವಿಷಯ ಎತ್ತಬೇಡಿ. ಅವಳು ಗಮನವಿಟ್ಟು ಕೇಳಿದಳು. "ಎತ್ತಲ್ಲ" ಅಂದಳು. ಇಷ್ಟು ಬೇಗ ಒಪ್ಪುವಳೆಂದು ನಾನು ಎಣಿಸಿರಲಿಲ್ಲ. ಒಪ್ಪಿದ್ದನ್ನು ನನ್ನ ಜಾಣತನದ ಲೆಕ್ಕಕ್ಕೆ ಬರೆದುಕೊಂಡೆ.

ಬೆಳಿಗ್ಗೆ ಹೊರಡುವ ಮೊದಲು ಕೆಳಗೆ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದೆ. ಐತಾಳ ಮಾವ ಸಂತೆಗೆ ಹೋಗಿದ್ದರು. ಗಲ್ಲೆಯ ಹಿಂದೆ, ದೇವರ ಪಟದ ಮುಂದೆ, ದೀಪ ಉರಿಯುತ್ತಿತ್ತು. ಅತ್ತಿಗೆ ನನ್ನ ಬುತ್ತಿ ಕಟ್ಟುತ್ತಿದ್ದಳು. ಅಡಿಗೆಯ ಶೀನಣ್ಣ, ನಮ್ಮ ಕಡೆಯ ಮುದುಕ, ಒಳಗಿನಿಂದ ಬೆವರೊರೆಸುತ್ತ ಬಂದು ಫ್ಯಾನಿನ ಗುಂಡಿಗೆ ಕೈ ಹಾಕಿದವನು ತಡೆದು, "ನಂದಿನಮ್ಮಾ, ಗಾಳಿ ಹಾಕ್ತೆ. ದೀಪ ಒಂದು ದೊಡ್ಡದು ಮಾಡಿ" ಅಂದ.

ಅವಳು ಎದ್ದಳು. ಎಣ್ಣೆಯ ಬಟ್ಟಲಿನತ್ತ ಕೈ ಹೋಗಲಿಲ್ಲ. ಬತ್ತಿಯನ್ನು ಮುಂದೆ ತಳ್ಳಲಿಲ್ಲ. ಪಟದ ಮೇಲಿನಿಂದ ಒಂದು ಹೂ ತೆಗೆದು, ಅದರ ತೊಟ್ಟಿನಿಂದ ಬತ್ತಿಯನ್ನು ಎಣ್ಣೆಗೆ ಒತ್ತಿದಳು. ದೀಪ ಆರಿತು. ಫ್ಯಾನು ತಿರುಗಿತು. ಅವಳು ಬಂದು ಮತ್ತೆ ಬುತ್ತಿಯ ಗಂಟು ಹಿಡಿದಳು.

ನಾನು ಎದ್ದು ಅಡಿಗೆ ಕೋಣೆಗೆ ಹೋಗಿ ಶೀನಣ್ಣನನ್ನು ವಿಚಾರಿಸಿದೆ. ನೀವು ಇಲ್ಲಿ ಎಷ್ಟು ಕಾಲದಿಂದ ಇದ್ದೀರಿ?

"ನನ್ನದು ಬಂದು ಹೋಗಿ ಮಾಡುವುದು ಮಗಾ. ನಂದಿನಮ್ಮ ಸಣ್ಣದಿರುವಾಗ ಇದ್ದೆ. ಮತ್ತೆ ಊರಿಗೆ ಹೋದೆ. ಈಗ ದಿವಾಳಿ ಆದ ಮೇಲೆ ಪುನಃ ಬಂದೆ."

"ದೀಪ ದೊಡ್ಡದು ಮಾಡುದು ಅಂದ್ರೆ ಎಂತ ಅಂತ ಅತ್ತಿಗೆಗೆ ಹೇಳಿಕೊಟ್ಟದ್ದು ನೀವಾ?"

"ಅದೆಂತ ಹೇಳಿಕೊಡ್ಲಿಕ್ಕುಂಟು?" ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. "ಹೇಳಿದೆ, ಮಾಡಿದ್ರು."

ಎರಡೇ ದಾರಿ. ಮುದುಕ ಈಗ ಬಂದ ಮೇಲೆ ಅವಳು ತಿಳಿದುಕೊಂಡಿದ್ದರೆ, ಒಂದು ಬೆಳಿಗ್ಗೆ ಈ ಗಲ್ಲೆಯ ಹಿಂದೆ, ಹೂ ಹಿಡಿದುಕೊಂಡು ನಿಂತಿದ್ದಾಗ, ಅವಳಿಗೆ ಎಲ್ಲ ತಿಳಿದಿದೆ. ಅಲ್ಲಿಂದ ಇಲ್ಲಿಯವರೆಗೆ ಅದನ್ನು ಒಬ್ಬಳೇ ಹೊತ್ತಿದ್ದಾಳೆ, ಮೊನ್ನೆ ನನ್ನ ಮುಂದೆ ಗೋರಿಕಾಯಿ ಸೋಸುತ್ತ ಹೇಳಿದ್ದು ತನಗೆ ಗೊತ್ತಿಲ್ಲವೆಂದೇ ಗಂಡ ನಂಬಿರಲಿ ಎಂದು ಉಳಿಸಿಕೊಂಡ ಕಥೆ. ಅಣ್ಣ ಯಾರಿಂದ ಮುಚ್ಚಿಡಲು ಅವಳನ್ನೇ ದೂರ ಮಾಡಿಕೊಂಡನೋ ಅವಳ ಹತ್ತಿರವೇ ಅದು ಇದೆ. ಚಿಕ್ಕಂದಿನಿಂದಲೇ ಗೊತ್ತಿದ್ದರೆ, ಆ ವಾಕ್ಯವನ್ನು ಮುಂದುವರಿಸಲು ನನಗೆ ಇಷ್ಟವಿಲ್ಲ. ಊರಿನ ನಿಟ್ಟುಸಿರುಗಳೆಲ್ಲ ಆ ಕಡೆ ಕಾದು ನಿಂತಿವೆ. ನಡುವೆ ಇನ್ನೊಂದು ದಾರಿ ಇರಬಹುದೇ? ಗೊತ್ತಿದ್ದೂ ಆ ಹೊತ್ತಿಗೆ ಮರೆತು, ಯಾವಾಗಲೂ ‘ಬಂದ್ ಕರ್’ ಅನ್ನುವ ಬಾಯಲ್ಲಿ ಬೇರೆ ಮಾತು ಕೇಳಿ ಗಾಬರಿಯಾಗಿ? ಸಾಕ್ಷಿ ಇಲ್ಲ. ನಾನು ಎಲ್ಲ ಕಡೆಯಿಂದಲೂ ವಾದಿಸಬಲ್ಲೆ, ಒಂದು ಕಡೆಯಿಂದಲೂ ಗೆಲ್ಲಲಾರೆ.

ನಾಸಿಕ್ ರೋಡಿಗೆ ಹೋಗುವ ಬಸ್ಸು ಬರುವ ಹೊತ್ತಾಗಿತ್ತು. ಅವಳು ಬುತ್ತಿಯನ್ನು ನನ್ನ ಕೈಗಿಟ್ಟು, ಚಟ್ನಿ ಬೇರೆ ಕಟ್ಟಿದ್ದೇನೆ, ಮೊದಲು ಅದನ್ನು ತಿನ್ನಿ, ಹಳಸ್ತದೆ ಅಂದಳು. ಅವಳ ಬೆರಳ ತುದಿಯಲ್ಲಿ ಎಣ್ಣೆಯ ಕಪ್ಪು ಇತ್ತು. ನಾನು ಆ ಕೈಯನ್ನು ಬಿಡಲಿಲ್ಲ. ನನ್ನ ಕಣ್ಣು ಎಲ್ಲಿದೆ ಎಂದು ಅವಳು ನೋಡಿದಳು. ಗಲ್ಲೆಯ ಹಿಂದಿನ ದೀಪವನ್ನು ನೋಡಿದಳು. ಮತ್ತೆ ನನ್ನನ್ನು. ಕೈ ಎಳೆದುಕೊಳ್ಳಲಿಲ್ಲ.

"ಅತ್ತಿಗೆ, ‘ದೊಡ್ಡದು ಮಾಡು’ ಅನ್ನುವ ಮಾತಿನ ಅರ್ಥ ನಿಮಗೆ ಯಾವಾಗ ಗೊತ್ತಾಯ್ತು?"